ಅಡುಗೆಮನೆ ಕಡೆಯ ಹಳಿಗಳು

ಕಾಗದದ ಮೇಲೆ ಸಂಜೆ ಯಾವಾಗಲೂ ಸಪ್ಪಗೆ ಬರುತ್ತದೆ. ಕೇಸರಿ ಬಣ್ಣ ಇಟ್ಟಿಗೆಯ ಪುಡಿಯಂತೆ, ನೀಲಿ ಒಗೆದು ಒಗೆದು ಹಳತಾದ ಸೀರೆಯಂತೆ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಬಾರದು. ಚಹಾ ಕುಡಿಯುವ ಮಗ್ಗಿನ ಮೇಲೆ ಫೋಟೋ ಅಚ್ಚು ಹಾಕಲು ಬಳಸುವ ಶಾಯಿಯ ಗುಣವೇ ಹಾಗೆ. ಬಿಸಿ ತಗಲಿದಾಗ ಅದು ಆವಿಯಾಗಿ ಮಗ್ಗಿನ ಬಿಳಿ ಲೇಪದೊಳಗೆ ಇಳಿಯುತ್ತದೆ. ಬಣ್ಣ ಏಳುವುದು ಆಮೇಲೆ.

ಜೇವರ್ಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಮನೆಯ ಮುಂದಿನ ಕೋಣೆಯೇ ಅಂಗಡಿ. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಮಗ್ ಪ್ರೆಸ್ ತಂದಿಟ್ಟುಕೊಂಡೆ. ವಾರ್ಡು ಬಿಟ್ಟರೂ ವಾರ್ಡಿನ ಪದ್ಧತಿ ಬಿಡಲಿಲ್ಲ. ಮೊದಲು ಕೈ ತೊಳೆಯಬೇಕು. ಹತ್ತಿಗೆ ಸ್ಪಿರಿಟ್ ಹಚ್ಚಿ ಮಗ್ಗನ್ನು ಒಂದೇ ದಿಕ್ಕಿನಲ್ಲಿ ಒರೆಸಬೇಕು. ಒರೆಸಿದ ಜಾಗಕ್ಕೆ ಬೆರಳು ತಾಗಿಸಬಾರದು. ಕಾಗದವನ್ನು ಬಿಗಿಯಾಗಿ ಸುತ್ತಿ, ಬಿಸಿ ತಡೆಯುವ ಟೇಪು ಅಂಟಿಸಿ, ಪ್ರೆಸ್ಸಿನೊಳಗೆ ಇಟ್ಟ ಮೇಲೆ ಅದು ಸದ್ದು ಮಾಡುವವರೆಗೆ ಮುಂದೆಯೇ ಕೂರಬೇಕು. ಫೋನ್ ಬಂದರೂ ಏಳಬಾರದು. "ಸಿಸ್ಟರ್ ಮಗ್ಗಿಗೂ ಇಂಜೆಕ್ಷನ್ ಮಾಡ್ತಾರ" ಎಂದು ಓಣಿಯವರು ನಗುತ್ತಾರೆ. ನಗಲಿ.

ಇನ್ನೊಂದು ನಿಯಮವಿದೆ. ಕಾಗದದ ಮೇಲೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಆಗಲೇ ಮಗ್ಗಿನ ಮೇಲೆ ನೆಟ್ಟಗೆ ಬೀಳುತ್ತದೆ. ಇದಕ್ಕೆ ನನ್ನ ಪರೀಕ್ಷೆ ಸರಳವಾಗಿತ್ತು. ಕಾಗದದ ಮೇಲಿನ ಹೆಸರು ಓದಲು ಬಂದರೆ ತಪ್ಪು, ಓದಲು ಬಾರದಿದ್ದರೆ ಸರಿ. ಮಗ್ಗಿನ ಮೇಲೆ ಹೆಸರು ಹಾಕಿಸದವರು ಯಾರಿದ್ದಾರೆ? ಹುಟ್ಟುಹಬ್ಬವೋ ಮದುವೆಯೋ, ಅಕ್ಷರ ಇದ್ದೇ ಇರುತ್ತದೆ.

ಮಳೆಗಾಲ ಮುಗಿದು ತೊಗರಿ ಹೂ ಹಿಡಿಯುವ ಹೊತ್ತಿಗೆ ಒಬ್ಬರು ಬಾಗಿಲಲ್ಲಿ ಬಂದು ನಿಂತರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಗೋಡೆಗೆ ಆನದೆ, ಕೈ ಕಟ್ಟದೆ, ನೆಟ್ಟಗೆ ನಿಂತಿದ್ದರು. ರೈಲ್ವೆ ಗೇಟ್‌ಮನ್ ಆಗಿದ್ದವರೆಂದು ಆಮೇಲೆ ತಿಳಿಯಿತು.

"ಶರಣ್ರಿ ಸಿಸ್ಟರ್. ಈ ಫೋಟೋ ಮಗ್ ಮ್ಯಾಲ ಬರ್ತದೇನ್ರಿ?"

ಫೋನಿನಲ್ಲಿ ಎರಡು ಜೋಡಿ ಹಳಿಗಳು ಬಲಬದಿಯಿಂದ ಹೊರಟು ಮುಳುಗುವ ಸೂರ್ಯನೊಳಗೆ ಹೋಗಿ ಸೇರುತ್ತಿದ್ದವು. ಎಡಬದಿಯಲ್ಲಿ ಒಂದು ಬೇವಿನ ಮರ. ಮೇಲೆ ವಿದ್ಯುತ್ ತಂತಿ. ಒಂದು ನರಪಿಳ್ಳೆಯೂ ಇಲ್ಲ.

"ಬರ್ತದ. ಹೆಸರು ಏನ್ ಹಾಕ್ಲಿ?"

"ಹೆಸರು ಬ್ಯಾಡ್ರಿ. ಬರೇ ಹಳಿ ಸಾಕು. ನಮ್ಮ ಮನಿಯಾಕಿಗೆ ಕೊಡೋದದ."

"ಮನಿಯಾಕಿಗೆ ಯಾರರ ಹಳಿ ಫೋಟೋ ಕೊಡ್ತಾರೇನ್ರಿ? ಇಬ್ಬರೂ ಕೂಡಿ ನಿಂತದ್ದೊಂದು ತರ್ರಿ."

"ಅದು ಮದಿವ್ಯಾಗ ತಗಸಿದ್ದು ಗ್ವಾಡಿ ಮ್ಯಾಲ ಅದ್ರಿ. ಆಕಿ ಅದನ್ನ ನೋಡಂಗೇ ಇಲ್ಲ."

ಆಮೇಲೆ ನಿಂತಲ್ಲೇ ಎಲ್ಲ ಹೇಳಿದರು. ಅವರ ಗೇಟು ಅಫಜಲಪುರ ತಾಲೂಕಿನಲ್ಲಿ, ಹೊಲಗಳ ನಡುವೆ. ಕಬ್ಬಿನ ಸುಗ್ಗಿಯಲ್ಲಿ ಹವಳಗಾದ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಅಲ್ಲಿ ಸಾಲುಗಟ್ಟಿ ನಿಂತು ಹಾರ್ನ್ ಹೊಡೆಯುತ್ತಿದ್ದವು. ಹಳಿಯ ಕೆಳಗೆ ಅಂಡರ್‌ಪಾಸ್ ಆಯಿತು, ಗೇಟು ಮುಚ್ಚಿತು, ಅದೇ ಸುಮಾರಿಗೆ ಇವರ ನೌಕರಿಯೂ ಮುಗಿಯಿತು. ಜೇವರ್ಗಿಯಲ್ಲಿ ಕಟ್ಟಿಸಿದ ಸ್ವಂತ ಮನೆಗೆ ಗಂಡ ಹೆಂಡತಿ ಬಂದರು. ಈ ಊರಿಗೆ ರೈಲು ಇಲ್ಲ. ಬಂದಂದಿನಿಂದ ಹೆಂಡತಿ ಸಂಜೆಯ ಚಹಾ ಬಿಟ್ಟಿದ್ದಾಳೆ.

"ನನಗ ಮಾಡಿ ಕೊಡ್ತಾಳ್ರಿ. ತಾ ಕುಡಿಯಂಗಿಲ್ಲ. ಹೊತ್ತು ಮುಳುಗಾಕತ್ತಿತು ಅಂದ್ರ ಹಿತ್ತಲಿಗೆ ಹೋಗಿ ಸುಮ್ನ ಕುಂಡ್ರತಾಳ. ಈಗ ನೋಡಿದ್ರ, ಮಣ್ಣೂರಾಗ ತಮ್ಮನ ಮನ್ಯಾಗ ಇರ್ತೀನಿ ಅನ್ನಾಕತ್ತಾಳ. ಎರಡು ದಿನಕ್ಕಲ್ರಿ, ಇರಾಕ."

"ಜಗಳ ಏನರ ಆಗ್ಯದೇನು?"

"ಜಗಳ ಆಗಿದ್ರ ಚೊಲೋ ಇತ್ತ್ರಿ. ಜಗಳಕ್ಕ ಉತ್ತರ ಕೊಡಬಹುದು." ಫೋನಿನ ಚಿತ್ರವನ್ನು ಮತ್ತೊಮ್ಮೆ ನೋಡಿಕೊಂಡರು. "ಹಳಿ ನೆನಪಾಗ್ತಿರಬೇಕು ಅಂತ ನನ್ನ ಅಂದಾಜು. ಹಳಿ ಕಿತ್ತಿ ತರಾಕ ಬರಂಗಿಲ್ಲ. ಅದಕ್ಕ ಮಗ್."

ಆ ಚಿತ್ರ ನನ್ನನ್ನು ಬಹಳ ಸತಾಯಿಸಿತು. ಮುಖಗಳ ಫೋಟೋ ಸುಲಭ. ಮೈಬಣ್ಣ ಸರಿ ಬಂದರೆ ಉಳಿದದ್ದನ್ನು ಯಾರೂ ನೋಡುವುದಿಲ್ಲ. ಮುಸ್ಸಂಜೆಯಲ್ಲಿ ಇರುವುದೆಲ್ಲ ಕಪ್ಪಿಗೆ ಹತ್ತಿರದ ಬಣ್ಣ. ಮೊದಲನೆಯ ಮಗ್ಗಿನಲ್ಲಿ ಬಿಸಿ ಹೆಚ್ಚಾಗಿ ಕಪ್ಪೆಲ್ಲ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತು. ಬೇವಿನ ಮರ ಕಷಾಯದ ಕಲೆಯಂತೆ ಕೂತಿತು. ಬಿಸಿ ತಗ್ಗಿಸಿದೆ, ಹಳಿಗಳು ಮಸುಕಾದವು. ಬಿಸಿ ತಗ್ಗಿಸಿ ಹೊತ್ತು ಹೆಚ್ಚಿಸಿದೆ. ಮೇಲಂಚಿನಲ್ಲಿ ಒತ್ತಡ ಸಾಲದೆ ಆಕಾಶ ಬೆಳ್ಳಗಾಯಿತು. ಪ್ರೆಸ್ಸಿನ ಹಿಡಿಕೆಯನ್ನು ಇನ್ನಷ್ಟು ಬಿಗಿ ಮಾಡಿ, ಕಂಪ್ಯೂಟರಿನಲ್ಲಿ ನೆರಳುಗಳನ್ನು ಕೊಂಚ ತಿಳಿಗೊಳಿಸಿ ಮತ್ತೆ ಇಟ್ಟೆ.

ಈ ಸಲ ಬಟ್ಟೆಯ ಗ್ಲೌಸ್ ಹಾಕಿಕೊಂಡು ಕಾಗದದ ತುದಿ ಹಿಡಿದು ಒಂದೇ ಎಳೆತಕ್ಕೆ ಬಿಚ್ಚಿದಾಗ ಕೈ ತಾನಾಗಿ ನಿಂತಿತು. ಬಿಸಿ ಮಗ್ಗಿನ ಮೇಲೆ ಹಳಿಗಳು ಹೊಳೆಯುತ್ತಿದ್ದವು. ಕೇಸರಿ ಕೆಳಗಿನಿಂದ ಹಬ್ಬಿ, ನೇರಳೆಯಾಗಿ, ಮೇಲೆ ಗಾಢ ನೀಲಿಯೊಳಗೆ ಕರಗಿತ್ತು. ಹಲಗೆಯ ಮೇಲೆ ಆರಲು ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ಕೂತೆ. ಆ ಹಳಿಗಳನ್ನು ಹಿಡಿದು ನಡೆದರೆ ಸೂರ್ಯ ಸಿಗುತ್ತಾನೆ, ಅವನ ಹಿಂದೆ ಬೇರೊಂದು ಊರು, ಅಲ್ಲೂ ಸಂಜೆ, ಅಲ್ಲೂ ಯಾರೋ ದೀಪ ಹಚ್ಚುತ್ತಿದ್ದಾರೆ. ಕೆಲಸದ ನಡುವೆ ನನಗೆ ಇಂಥ ಯೋಚನೆ ಬರುವುದು ಅಪರೂಪ. ಎದ್ದು ಕೈ ತೊಳೆದುಕೊಂಡೆ.

ಗೇಟ್‌ಮನ್ ಬಂದು ನೋಡಿ ಬಾಯಿ ತೆರೆದರು. "ಏ, ನಮ್ಮ ಗೇಟೇ ಆತಲ್ರಿ ಇದು!" ಮಗ್ಗನ್ನು ಧೋತರದ ಚುಂಗಿನಲ್ಲಿ ಸುತ್ತಿಕೊಂಡು ಹೋದರು.

ಮರುದಿನ ಇಬ್ಬರೂ ಬಂದರು. ಹೆಂಡತಿ ಗಿಡ್ಡನೆಯ ಹೆಣ್ಣುಮಗಳು. ಹಣೆಯ ಮೇಲೆ ವಿಭೂತಿ, ಕಣ್ಣಲ್ಲಿ ಚುರುಕು. ಮಗ್ಗನ್ನು ನನ್ನ ಮೇಜಿನ ಮೇಲಿಟ್ಟಳು.

"ಅಕ್ಕಾರ, ಬೇವಿನ ಗಿಡ ಯಾವಾಗ ಹಳಿ ದಾಟಿ ಬಂತ್ರಿ?"

ನೋಡಿದೆ. ಮರ ಬಲಕ್ಕಿತ್ತು, ಹಳಿ ಎಡಕ್ಕಿತ್ತು. ಚಿತ್ರ ಉಲ್ಟಾ. ಕಾಗದದ ಮೇಲೆ ಅದನ್ನು ತಿರುಗಿಸಿರಲೇ ಇಲ್ಲ. ಓದಲು ಹೆಸರಿರಲಿಲ್ಲ, ಆದ್ದರಿಂದ ನನ್ನ ಪರೀಕ್ಷೆಯೇ ನಡೆದಿರಲಿಲ್ಲ. ಓದಲು ಬರುವುದೇನೂ ಇಲ್ಲ, ಹಾಗಾದರೆ ಸರಿ ಎಂದು ಕೈ ಮುಂದೆ ಹೋಗಿಬಿಟ್ಟಿತ್ತು.

"ತಪ್ಪು ನಂದೇ," ಎಂದೆ.

"ನಿಮ್ಮದು ಬಿಡ್ರಿ ಅಕ್ಕಾರ, ನೀವು ಆ ಗಿಡ ನೋಡಿಲ್ಲ. ಇವ್ರು ನೌಕರಿ ಪೂರಾ ಅದರ ನೆಳ್ಳಾಗೇ ಕುಂತಾರ!"

"ಮಗ್ ದುಂಡಗ ಅದಲ್ಲ ಬೇ, ತಿರುಗಿರಬೇಕು ಅನ್ಕೊಂಡೆ," ಎಂದರು ಗೇಟ್‌ಮನ್.

"ಹೌದ್ರಿ, ಹಂಗಾದ್ರ ಚಕ್ಕಡಿ ಗಾಲಿ ಮ್ಯಾಲ ಕುಂತವ್ರೆಲ್ಲ ಉಲ್ಟಾ ಆಗ್ತಾರ."

ನನಗೆ ನಗು ಬಂದರೂ ನಗಲಿಲ್ಲ. ಕೂಡಲೇ ಸರಿಯಾದದ್ದು ಮಾಡಿಕೊಡುತ್ತೇನೆ ಎಂದೆ. ಆಕೆ ತಲೆಯಾಡಿಸಿದಳು.

"ಸೀದಾ ಮಾಡಿದ್ರ ಅದು ಇವರ ಹಳಿ ಆಗ್ತದ್ರಿ. ಇದನ್ನ ಕೈಯಾಗ ಹಿಡಿದಾಗ ಒಂದ್ ಗಳಿಗಿ ನನ್ನ ಕಡೀದು ಅನಿಸ್ತು. ಹಳಿ ಎಡಕ್ಕ ಅದ, ಬರೋಬ್ಬರಿ ನಮ್ಮ ಅಡಗಿಮನಿ ಬಾಗಲದಾಗಿಂದ ಕಂಡಂಗ. ಆಮ್ಯಾಲ ಗಿಡ ಕಂಡ್ತು." ದನಿ ತಗ್ಗಿತು. "ಇರ್ಲಿ ಬಿಡ್ರಿ. ನಾ ಹೆಂಗೂ ಮಣ್ಣೂರಿಗೆ ಹೋಗಾಕಿ. ಇವ್ರ ಚಹಾ ಕುಡೀಲಿ ಇದರಾಗ. ಇಷ್ಟ ದೊಡ್ಡ ಗಡಿಗ್ಯಾಗ ಯಾರು ಕುಡಿತಾರ?"

ಕೇಳಿ ತಿಳಿದುಕೊಂಡೆ. ಗೇಟಿನ ಕೋಣೆ, ಅದರ ಪಕ್ಕದ ಬೇವಿನ ಮರ ಹಳಿಯ ಈಚೆಗೆ, ಇವರಿದ್ದ ಕ್ವಾರ್ಟರ್ಸ್ ಹಳಿಯ ಆಚೆಗೆ. ಅಡುಗೆಮನೆಯ ಹಿಂಬಾಗಿಲು ಹಳಿಗೇ ಮುಖ ಮಾಡಿತ್ತು. ಸಂಜೆಯ ಪ್ಯಾಸೆಂಜರ್ ಗಾಡಿ ಹೋಗುವ ಹೊತ್ತಿಗೆ ಗೇಟ್‌ಮನ್ ಡ್ಯೂಟಿಯ ಮೇಲೆ ಕೋಣೆಯ ಮುಂದೆ, ಆಕೆ ಅಡುಗೆಮನೆಯಲ್ಲಿ. ಅಷ್ಟು ವರ್ಷಗಳಲ್ಲಿ ಆ ಬಾಗಿಲಲ್ಲಿ ನಿಂತು ಗಂಡ ಸಂಜೆಯನ್ನು ನೋಡಿರಲಿಲ್ಲ. ಫೋಟೋ ತೆಗೆಯಲು ಹೋದಾಗಲೂ ಕಾಲು ಅವರನ್ನು ಹಳೆಯ ಜಾಗಕ್ಕೇ ಒಯ್ದಿತ್ತು.

"ಆ ಮನಿ ಇನ್ನೂ ಅದ ಏನ್ರಿ?"

"ಅದ್ರಿ. ಕೆಡವ್ತಾರಂತ. ಗ್ವಾಡಿ ಮ್ಯಾಲ ಕೆಂಪು ಗೀಟು ಎಳದಾರ," ಎಂದರು ಗೇಟ್‌ಮನ್.

ನಾನು ಫೋಟೋ ತೆಗೆಯಲು ಹೊರಗೆ ಹೋಗುವವಳಲ್ಲ. ಗಿರಾಕಿ ಚಿತ್ರ ತರಬೇಕು, ನಾನು ಮಗ್ಗು ಕೊಡಬೇಕು, ಅಷ್ಟೇ ಪದ್ಧತಿ. ಆದರೆ ವಾರ್ಡಿನಲ್ಲೊಂದು ಪಾಠ ಕಲಿತಿದ್ದೆ. ನೋವು ಎಲ್ಲಿದೆ ಎಂದು ಮಂಚದ ಬಳಿ ನಿಂತವರನ್ನು ಕೇಳಬಾರದು, ಮಲಗಿದವರನ್ನು ಕೇಳಬೇಕು. ಇಲ್ಲಿಯವರೆಗೆ ನಾನು ಕೇಳಿದ್ದೆಲ್ಲ ಗಂಡನನ್ನೇ. ಮಗ್ಗನ್ನು ಬದಿಗಿಟ್ಟು, "ನಾಳೆ ಹೋಗೋಣ," ಎಂದೆ.

ಕಲಬುರಗಿಯಲ್ಲಿ ಬಸ್ ಬದಲಿಸಿ, ಕೊನೆಗೆ ಆಟೊ ಹಿಡಿದು ಅಲ್ಲಿಗೆ ಮುಟ್ಟಿದಾಗ ಬಿಸಿಲು ಹಳದಿಯಾಗುತ್ತಿತ್ತು. ಗೇಟ್‌ಮನ್ ಮೊದಲು ಸ್ಟೇಷನ್ನಿಗೆ ಹೋಗಿ ಒಪ್ಪಿಗೆ ಪಡೆದು ಬಂದರು. ಹಳಿಯ ಮೇಲೆ ಕಾಲಿಡುವುದಿಲ್ಲ ಎಂಬ ಮಾತಿನ ಮೇಲೆ ಒಪ್ಪಿಗೆ ಸಿಕ್ಕಿತ್ತು. ಕ್ವಾರ್ಟರ್ಸಿನ ಸುತ್ತ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಹಿಂಬಾಗಿಲನ್ನು ಯಾರೋ ಕಿತ್ತೊಯ್ದಿದ್ದರು; ಚೌಕಟ್ಟು ಉಳಿದಿತ್ತು. ಆಕೆ ಸೆರಗಿನಿಂದ ಆ ಚೌಕಟ್ಟಿನ ಧೂಳು ಒರೆಸಿ, ಎಡಗೈ ಆನಿಸಿ ನಿಂತಳು. ಅವಳ ಅಂಗೈ ಇಟ್ಟ ಕಡೆ ಮರ ಮೊದಲೇ ನುಣುಪಾಗಿತ್ತು.

ನಾನು ಫೋನನ್ನು ಚೌಕಟ್ಟಿಗೆ ಒತ್ತಿ ಹಿಡಿದೆ. ಕಣ್ಣಳತೆ ಅವಳದೇ ಇರಲೆಂದು ಮೊಣಕಾಲು ಕೊಂಚ ಬಾಗಿಸಿದೆ. ಮುಂದೆ ಹಳಿಗಳು, ಅವುಗಳ ಆಚೆ ಗೇಟಿನ ಕೋಣೆ, ಪಕ್ಕದಲ್ಲಿ ಬೇವಿನ ಮರ, ಹಿಂದೆ ತೊಗರಿ ಹೊಲ. ಬಲಕ್ಕೆ ಸೂರ್ಯ ಇಳಿಯುತ್ತಿದ್ದ. ಗಾಳಿ ನಿಂತಿತ್ತು. ಬೆಳಕು ಮೇಲಿನಿಂದ ಬೀಳದೆ ಹೊಲದೊಳಗಿನಿಂದಲೇ ಏಳುತ್ತಿದೆಯೇನೋ ಅನ್ನಿಸುತ್ತಿತ್ತು. ಫೋಟೋ ತೆಗೆದು ತೋರಿಸಿದೆ.

"ಹ್ಞೂಂ, ಬರೋಬ್ಬರಿ ಅದ್ರಿ," ಅಂದಳು.

ಆ 'ಹ್ಞೂಂ' ನನಗೆ ಗೊತ್ತು. ನೋವು ಹೋಗಿಲ್ಲ, ಆದರೆ ಸಿಸ್ಟರ್ ಪಾಪ ನಿಂತೇ ಇದ್ದಾರೆ, ಹೋಗಲಿ ಎಂದು ರೋಗಿಗಳು ಹೇಳುವ 'ಹ್ಞೂಂ' ಅದು. ಗೇಟ್‌ಮನ್ ನಮ್ಮ ಹಿಂದೆ ನಿಂತು, "ಖರೇನ, ಇಲ್ಲಿಂದ ಭಾಳ ಚಂದ ಕಾಣ್ತದಲ್ಲ," ಎಂದು ಸೂರ್ಯನನ್ನು ಹೊಗಳುತ್ತಿದ್ದರು. ನಾನು ಆಕೆಯ ಕಣ್ಣು ನೋಡಿದೆ. ಅವು ಸೂರ್ಯನ ಕಡೆಗಿರಲಿಲ್ಲ. ಹಳಿಯ ಕಡೆಗೂ ಇರಲಿಲ್ಲ.

"ಅಲ್ಲೇನದವ್ವಾ, ಆ ಕೋಣೆ ಮುಂದ?"

"ಏನಿಲ್ಲ ಬಿಡ್ರಿ. ಖಾಲಿ ಅದ."

ನಾನು ಹಿಂದೆ ತಿರುಗಿ ಗೇಟ್‌ಮನ್‌ಗೆ ಹೇಳಿದೆ: "ನೀವು ಆ ಕಡೆ ಹೋಗಿ ನಿಂದರ್ರಿ. ದಿನಾ ಎಲ್ಲಿ ನಿಂದರ್ತಿದ್ರಿ, ಅಲ್ಲೇ."

"ನಾ ಯಾಕ್ರಿ? ಫೋಟೋ ಹಳೀದಲ್ಲ?"

"ಜಲ್ದಿ ಹೋಗ್ರಿ. ಬೆಳಕು ಕಾಯಂಗಿಲ್ಲ."

ಹಳಿ ದಾಟಿದರೆ ಹತ್ತಾರು ಹೆಜ್ಜೆ. ಅವರು ದಾಟಲಿಲ್ಲ. ಮಾತು ಕೊಟ್ಟಿದ್ದಾರೆ, ಅದಕ್ಕಿಂತ ಹೆಚ್ಚಾಗಿ, ಜೀವಮಾನವಿಡೀ ಬೇರೆಯವರನ್ನು ತಡೆದು ನಿಲ್ಲಿಸಿದವರು. ಅಂಡರ್‌ಪಾಸ್ ಸುತ್ತಿಕೊಂಡು ಹೊರಟರು. ಅಲ್ಲಿ ಮಳೆಯ ನೀರು ಇನ್ನೂ ಇಂಗಿರಲಿಲ್ಲ. ಧೋತರ ಎತ್ತಿಕಟ್ಟಿ ಇಳಿದದ್ದು ಕಂಡಿತು, ಆಮೇಲೆ ಕಾಣಲಿಲ್ಲ. ಸೂರ್ಯನ ಅಂಚು ಹೊಲಕ್ಕೆ ತಾಗಿತು. ನಾನು ತಾಳ್ಮೆ ಕಳೆದುಕೊಳ್ಳುವವಳಲ್ಲ, ಆದರೆ ಆಗ ಮನಸ್ಸಿನಲ್ಲೇ ಬೈದೆ.

"ನೀರಾಗ ಕಪ್ಪಿ ಹಿಡ್ಯಾಕತ್ತಾರೇನು!" ಎಂದು ಆಕೆಯೇ ಸಿಡುಕಿದಳು. ಬಂದಾಗಿನಿಂದ ಅವಳ ದನಿಯಲ್ಲಿ ಅಷ್ಟು ಜೀವ ಕೇಳಿದ್ದು ಅದೇ ಮೊದಲು.

ಅವರು ಆಚೆ ಹತ್ತಿ ಬಂದರು. ಸೊಂಟದ ಕೆಳಗೆಲ್ಲ ತೋಯ್ದಿತ್ತು. ಕೋಣೆಯ ಮುಂದೆ ಹೋಗಿ, ಒಮ್ಮೆ ಕಾಲು ಜಾಡಿಸಿ, ನನ್ನ ಅಂಗಡಿಯಲ್ಲಿ ನಿಂತಂತೆಯೇ ನೆಟ್ಟಗೆ ನಿಂತರು. ಕತ್ತಲಾಗುತ್ತಿದೆ, ಮನುಷ್ಯ ಕಾಣಲಿ ಎಂದು, "ಫೋನಿನ ಬ್ಯಾಟರಿ ಲೈಟ್ ಹಚ್ಚಿ ಎತ್ತಿ ಹಿಡೀರಿ!" ಎಂದು ಕೂಗಿದೆ.

"ಆಗಂಗಿಲ್ರಿ!" ಆ ಕಡೆಯಿಂದ ಉತ್ತರ ಬಂತು. "ಗಾಡಿ ಬರೋ ಹೊತ್ತಾಗ್ಯದ. ಡ್ಯೂಟಿ ಇಲ್ದವ ದೀಪ ತೋರ್ಸಬಾರ್ದು!"

ಅಷ್ಟರಲ್ಲಿ ಹಳಿ ಸಣ್ಣಗೆ ಹಾಡತೊಡಗಿತು. ಆಮೇಲೆ ನೆಲ, ಆಮೇಲೆ ಚೌಕಟ್ಟು. ಪ್ಯಾಸೆಂಜರ್ ಗಾಡಿ ಬಂದು ನಮ್ಮ ಮತ್ತು ಅವರ ನಡುವೆ ಹಾಯಿತು. ಬೆಳಗಿದ ಕಿಟಕಿಗಳು ಒಂದರ ಹಿಂದೊಂದು, ಅವುಗಳಲ್ಲಿ ತೂಕಡಿಸುವ ತಲೆಗಳು, ಯಾರದೋ ಕೈಯ ಬಳೆ, ಒಂದು ಕೂಸಿನ ಮುಖ. ಎಲ್ಲ ನೀರಿನಲ್ಲಿ ತೇಲಿಬಿಟ್ಟ ದೀಪಗಳಂತೆ ಸರಿದುಹೋದವು. ಗೇಟ್‌ಮನ್ ಇಲ್ಲ, ಕೋಣೆ ಇಲ್ಲ, ಮರ ಇಲ್ಲ. ಪಕ್ಕದಲ್ಲಿ ಆಕೆ ಉಸಿರು ಹಿಡಿದಿದ್ದಳು.

ಗಾಡಿ ಹೋಯಿತು. ಧೂಳು ಕೇಸರಿಯಾಗಿ ಎದ್ದು ನಿಧಾನ ಇಳಿಯಿತು. ಧೂಳಿನ ಆಚೆ ಅವರು ನಿಂತಲ್ಲೇ ನಿಂತಿದ್ದರು.

ಫೋಟೋ ತೆಗೆದೆ. ತಿರುಗಿ ನೋಡಿದರೆ ಆಕೆ ಬಾಗಿಲಲ್ಲಿರಲಿಲ್ಲ. ಒಳಗೆ, ಒಲೆ ಇದ್ದ ಬರಿಯ ಕಟ್ಟೆಯ ಮುಂದೆ ನಿಂತಿದ್ದಳು. ಕೈ ಅಲ್ಲಿ ಏನನ್ನೋ ತಡಕುತ್ತಿತ್ತು. ನನ್ನನ್ನು ಕಂಡು ನಾಚಿಕೊಂಡು ಕೈ ಹಿಂದಕ್ಕೆಳೆದುಕೊಂಡಳು.

"ರೂಢಿ ಅಕ್ಕಾರ. ಗಾಡಿ ನಡುವ ಬಂತಂದ್ರ ಇವ್ರು ಕಾಣ್ತಿದ್ದಿಲ್ಲ. ಹೋದ ಮ್ಯಾಲ ಅಲ್ಲೇ ಇರ್ತಿದ್ರು. ಇದಾರ ಅಂತ ಕಂಡ ಮ್ಯಾಲನ ನಾ ಚಹಾಕ್ಕ ಇಡ್ತಿದ್ದೆ."

"ಇದನ್ನ ಅವ್ರಿಗೆ ಹೇಳಿಲ್ಲ?"

"ಏನಂತ ಹೇಳ್ಲಿರಿ? ಈಗ ದಿನಾ ಎದುರಿಗೇ ಕುಂತಿರ್ತಾರ, ಟೀವಿ ಹಚ್ಕೊಂಡು. ಎದುರಿಗೆ ಇದ್ದವರನ್ನ ಇದಾರೋ ಇಲ್ಲೋ ಅಂತ ಹೆಂಗ ನೋಡೋದು?"

ಮಗ್ ಮಾಡುವಾಗ ಮತ್ತೆ ತೊಡಕು. ಇಡೀ ಚಿತ್ರದಲ್ಲಿ ಮನುಷ್ಯ ಜೋಳದ ಕಾಳಿನಷ್ಟು. ಆಕಾಶದ ಬಣ್ಣ ತುಂಬಿ ಬರುವಂತೆ ಮಾಡಿದರೆ ಅವರು ಕೋಣೆಯ ನೆರಳಿನಲ್ಲಿ ಮುಳುಗುತ್ತಿದ್ದರು. ಅವರು ಕಾಣುವಂತೆ ನೆರಳು ತಿಳಿಗೊಳಿಸಿದರೆ ಆಕಾಶ ಪೇಲವವಾಗುತ್ತಿತ್ತು. ಕಲೆ ಬಿದ್ದ ಮಗ್ಗುಗಳ ಮೇಲೆ ಎರಡನ್ನೂ ಮಾಡಿ ಕಿಟಕಿಯಲ್ಲಿಟ್ಟು ನೋಡಿದೆ. ಹಿಂದಿನ ಸಲ ನನ್ನನ್ನು ಮೈಮರೆಸಿದ್ದು ಆಕಾಶ. ಈ ಸಲ ಆಕಾಶವನ್ನು ಬಿಟ್ಟುಕೊಟ್ಟೆ. ಹಿಡಿಕೆ ಬಲಗೈಯಲ್ಲಿದ್ದಾಗ ಕುಡಿಯುವವರ ಕಣ್ಣಿಗೆ ಬೀಳುವ ಬದಿಗೆ ಅವರನ್ನು ತಂದು ನಿಲ್ಲಿಸಿದೆ. ಕಾಗದದ ಅಂಚಿನಲ್ಲಿ, ಕತ್ತರಿಸಿ ಹೋಗುವ ಕಡೆ, ಒಂದು 'ಅ' ಹಾಕಿಕೊಂಡೆ. ಅದು ತಿರುಗಿದೆಯೇ ಎಂದು ನೋಡಿಯೇ ಮಗ್ಗಿಗೆ ಸುತ್ತಿದೆ. ಹೆಸರಿಲ್ಲದ ಚಿತ್ರಗಳಿಗೆಲ್ಲ ಈಗ ಅದೇ ನನ್ನ ಪದ್ಧತಿ.

ತಯಾರಾದದ್ದನ್ನು ಸಂಜೆ ನಾನೇ ಒಯ್ದು ಕೊಟ್ಟೆ. ಗೇಟ್‌ಮನ್ ಕುರ್ಚಿಯಲ್ಲಿ ಕೂತು ಟೀವಿ ನೋಡುತ್ತಿದ್ದರು. ಆಕೆ ಮಗ್ಗನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಹೆಬ್ಬೆರಳನ್ನು ಮೆಲ್ಲಗೆ ಆ ಕಾಳಿನಷ್ಟು ಜಾಗದ ಮೇಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಒಳಗೆ ಹೋದಳು. ಶುಂಠಿ ಜಜ್ಜಿದ ಸದ್ದು ಬಂತು.

ಹೊರಗೆ ಬಂದಾಗ ತಾಟಿನಲ್ಲಿ ಎರಡು ಕಪ್-ಬಸಿ, ನಡುವೆ ಹೊಗೆಯಾಡುವ ಮಗ್ಗು. ಮಗ್ಗನ್ನು ಗಂಡನ ಕೈಗೆ ಕೊಟ್ಟಳು.

"ನಿನಗ ಅಂತ ಮಾಡ್ಸಿದ್ದು ಬೇ ಇದು. ನೀ ಕುಡಿ."

"ನಾ ನೋಡೀನಿ. ನೀವು ನೋಡಿಲ್ಲ."

ಅವರು ಮಗ್ಗನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. "ಇಲ್ಲಿ ನಿಂತಾನಲ್ಲ, ಇಂವ ನಾನೇನು?"

"ಮತ್ಯಾರು?"

"ಇಷ್ಟ ಸಣ್ಣ ಕಾಣ್ತಿದ್ನೇನು ನಾ?"

"ಅಷ್ಟ ಕಾಣ್ತಿದ್ರಿ. ನನಗ ಅಷ್ಟ ಸಾಕಾಗ್ತಿತ್ತು. ಗಾಡಿ ಹೋದ ಮ್ಯಾಲ ಅಷ್ಟು ಕಂಡ್ರ ಚಹಾಕ್ಕ ಇಡ್ತಿದ್ದೆ."

ಅವರು ಅವಳ ಮುಖ ನೋಡಿದರು, ಆಮೇಲೆ ಮಗ್ಗನ್ನು. ಕೈ ಚಾಚಿ ಟೀವಿ ಆರಿಸಿದರು.

"ನಾಳೆ ಮಣ್ಣೂರ ಬಸ್ ಎಷ್ಟೊತ್ತಿಗೆ ಅಂತ ಕೇಳಿದ್ದ್ಯಲ್ಲ..." ಎಂದರು ಮೆಲ್ಲಗೆ.

"ಸುಮ್ನ ಕುಡೀರಿ, ಆರಿ ಹೋಗ್ತದ."

ನನಗೊಂದು ಕಪ್ ಕೊಟ್ಟು, ಆಕೆ ಹೊಸ್ತಿಲ ಮೇಲೆ ಕುಳಿತಳು. ತನ್ನ ಚಹಾವನ್ನು ಬಸಿಗೆ ಸುರಿದುಕೊಂಡು, ಊದಿ, ಸೊರ್ರನೆ ಕುಡಿದಳು.